ಶಶಿರೇಖೆ ಎಲ್ಲಿ ಹೋದಳು?

ಅಭಿಮನ್ಯುವಿನ ಹೆಂಡತಿ ಯಾರು? ರಾಯದುರ್ಗ, ಮಡಕಶಿರಾ ಸೀಮೆಯ ನಾಟಕಪ್ರಿಯರ ನಡುವೆ ಈ ಪ್ರಶ್ನೆ ಬಿದ್ದರೆ ಮಾತು ಬೇಗ ಮುಗಿಯುವುದಿಲ್ಲ. ‘ಕುರುಕ್ಷೇತ್ರ’ ನಾಟಕದ ಪದ್ಯಗಳು ಬಾಯಿಗೆ ಬಂದವರು ಉತ್ತರೆ ಎನ್ನುತ್ತಾರೆ. ‘ಮಾಯಾಬಜಾರ್’ ಸಿನಿಮಾ ನೋಡಿ ಬೆಳೆದವರು ಶಶಿರೇಖೆ ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಇಬ್ಬರೂ ಬೇಕಾದವರು. ಅದಕ್ಕೇ ಈ ವಾದಕ್ಕೆ ನಮ್ಮ ಕಡೆ ಇರುವಷ್ಟು ಬಿಸಿ ಬೇರೆಡೆ ಇರಲಾರದು. ವೀರನೊಬ್ಬನ ಪ್ರೇಯಸಿಯನ್ನು ಬರೆದವರು ಹೇಗೆ ನಡೆಸಿಕೊಂಡರು ಎಂಬುದೇ ಈ ವಾದದ ತಿರುಳು. ಈ ವಾರ ಅದನ್ನೇ ಕೈಗೆತ್ತಿಕೊಂಡಿದ್ದೇನೆ.

ನಮ್ಮ ನೆಲಕ್ಕೆ ಈ ಚರ್ಚೆಯ ಹಕ್ಕು ಹುಟ್ಟಿನಿಂದಲೇ ಬಂದಿದೆ. ರಾಯದುರ್ಗ 1953ರ ಅಕ್ಟೋಬರಿನವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದ ಅಗಳಿ, ರೊಳ್ಳ, ಅಮರಾಪುರಗಳಿಗೆ ಶಿರಾ, ಪಾವಗಡಗಳೇ ನೆರೆಮನೆ. ತುಮಕೂರು ಕಡೆಯಿಂದ ಗುಬ್ಬಿ ನಾಟಕ ಕಂಪನಿಯ ಗಾಳಿ ಬೀಸಿತು. ಬಳ್ಳಾರಿ ಕಡೆಯಿಂದ ರಾಘವರ ಗಾಳಿ. 1880ರಲ್ಲಿ ತಾಡಿಪತ್ರಿಯಲ್ಲಿ ಹುಟ್ಟಿದ ನಟ ಬಳ್ಳಾರಿ ರಾಘವರು ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಪಟ್ಟು ಹಿಡಿದವರು. ಅದೇ ತಾಡಿಪತ್ರಿಯಲ್ಲಿ 1912ರಲ್ಲಿ ಹುಟ್ಟಿದ ಕೆ.ವಿ. ರೆಡ್ಡಿ 1957ರಲ್ಲಿ ‘ಮಾಯಾಬಜಾರ್’ ತೆಗೆದರು. ಶಶಿರೇಖೆಯನ್ನು ಮನೆಮಾತಾಗಿಸಿದವರು ನಮ್ಮ ಜಿಲ್ಲೆಯವರೇ.

ಮೊದಲು ಉತ್ತರೆಯನ್ನು ನೋಡೋಣ. ವ್ಯಾಸಭಾರತದ ವಿರಾಟಪರ್ವದಲ್ಲಿ ಅವಳು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನ ಹತ್ತಿರ ನೃತ್ಯ ಕಲಿಯುವ ಹುಡುಗಿ. ಕೌರವರ ಮೇಲೆ ಯುದ್ಧಕ್ಕೆ ಹೊರಟ ಬೃಹನ್ನಳೆಗೆ, ನನ್ನ ಬೊಂಬೆಗಳಿಗೆ ಅವರ ಬಣ್ಣದ ಬಟ್ಟೆ ತಂದುಕೊಡು ಎಂದು ಕೇಳುತ್ತಾಳೆ. ಅಷ್ಟು ಎಳೆಯದು. ಅಜ್ಞಾತವಾಸ ಮುಗಿದ ಮೇಲೆ ವಿರಾಟ ಅವಳನ್ನು ಅರ್ಜುನನಿಗೆ ಕೊಡಲು ಮುಂದಾಗುತ್ತಾನೆ. ಗುರುವಾಗಿದ್ದವನು ನಾನು, ಸೊಸೆಯಾಗಿ ತಂದುಕೊಳ್ಳುತ್ತೇನೆ ಎನ್ನುತ್ತಾನೆ ಅರ್ಜುನ. ಅವಳ ಹೆಸರಿಗೆ ಕಳಂಕ ಬರಬಾರದೆಂಬ ಅವನ ಕಾಳಜಿ ದೊಡ್ಡದು. ಆದರೆ ಹುಡುಗಿಯ ಮನಸ್ಸನ್ನು ತಂದೆಯೂ ಕೇಳಲಿಲ್ಲ, ಗುರುವೂ ಕೇಳಲಿಲ್ಲ. ಅವಳಿಗೆ ನಿಜವಾದ ದನಿ ಸಿಗುವುದು ಸ್ತ್ರೀಪರ್ವದಲ್ಲಿ, ಗಂಡನ ಹೆಣದ ಮುಂದೆ. ನನ್ನೊಡನೆ ನೀನು ಬಾಳಿದ್ದು ಆರೇ ತಿಂಗಳು, ಏಳನೆಯದರಲ್ಲಿ ಹೊರಟುಹೋದೆ ಎಂದು ಅವಳು ಗೋಳಾಡುವುದನ್ನು ಗಾಂಧಾರಿ ಕೃಷ್ಣನಿಗೆ ತೋರಿಸುತ್ತಾಳೆ. ಇಡೀ ಭಾರತದಲ್ಲಿ ಇಷ್ಟು ಎದೆ ಕಲಕುವ ಲೆಕ್ಕ ಇನ್ನೊಂದಿಲ್ಲ.

ಇನ್ನು ಶಶಿರೇಖೆ. ಬಲರಾಮನ ಈ ಮಗಳು ವ್ಯಾಸರ ಭಾರತದಲ್ಲಿ ಇಲ್ಲವೇ ಇಲ್ಲ. ಅವಳನ್ನು ಹುಟ್ಟಿಸಿದ್ದು ಜನ, ಬೆಳೆಸಿದ್ದು ರಂಗಭೂಮಿ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಅವಳು ಕನಕಾಂಗಿ. ‘ಕನಕಾಂಗಿ ಕಲ್ಯಾಣ’ ಅವಳದೇ ಪ್ರಸಂಗ. ತೆಲುಗಿನಲ್ಲಿ ಸುರಭಿ ನಾಟಕದವರು ‘ಮಾಯಾಬಜಾರ್’ ಆಡಿ ಹೆಸರಾದರು. 1936ರಲ್ಲೇ ಸಿನಿಮಾ ಬಂತು. ಆಗ ಶಾಂತಕುಮಾರಿ ಶಶಿರೇಖೆಯಾಗಿದ್ದರು. ಜನ ಅವಳನ್ನು ಯಾಕೆ ಹುಟ್ಟಿಸಿದರು? ನನಗೆ ತೋರುವ ಉತ್ತರ ಇದು. ಹದಿನಾರರ ಹರೆಯದಲ್ಲಿ ಚಕ್ರವ್ಯೂಹದೊಳಗೆ ಸತ್ತ ಹುಡುಗನಿಗೆ ಒಂದು ಪ್ರೇಮವಾದರೂ ಇರಲಿ, ಅವನನ್ನು ತಾನಾಗಿ ಬಯಸಿದ ಒಬ್ಬಳಾದರೂ ಇರಲಿ ಎಂದು ಕೇಳುಗರಿಗೆ ಅನಿಸಿತು. ಕಥೆಯಲ್ಲಿದ್ದ ಕೊರತೆಯನ್ನು ಅವರೇ ತುಂಬಿದರು.

ಕೆ.ವಿ. ರೆಡ್ಡಿಯವರ ಚಿತ್ರದಲ್ಲಿ ಆ ಬಯಕೆಗೆ ಸೊಗಸಾದ ರೂಪ ಇದೆ. ಪ್ರಿಯವಾದದ್ದನ್ನು ತೋರಿಸುವ ಪೆಟ್ಟಿಗೆಯೊಂದನ್ನು ಕೃಷ್ಣ ಕೊಡುತ್ತಾನೆ. ಹುಡುಗಿ ಶಶಿರೇಖೆ ಅದರೊಳಗೆ ಅಭಿಮನ್ಯುವನ್ನು ಕಾಣುತ್ತಾಳೆ. ಬೆಳೆದ ಮೇಲೆ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರ ಬೆಳದಿಂಗಳಲ್ಲಿ ಇಬ್ಬರ ದೋಣಿವಿಹಾರ. ಅಲ್ಲಿಯವರೆಗೆ ಅವಳು ಕಥೆಯ ಒಡತಿ. ಪಾಂಡವರು ರಾಜ್ಯ ಕಳೆದುಕೊಂಡ ಮೇಲೆ ತಾಯಿ ರೇವತಿಯ ಮನಸ್ಸು ತಿರುಗಿ ದುರ್ಯೋಧನನ ಮಗ ಲಕ್ಷ್ಮಣಕುಮಾರನ ಸಂಬಂಧ ಕುದುರುತ್ತದೆ. ಆಮೇಲೆ ಏನಾಗುತ್ತದೆ? ನಿದ್ದೆ ಹೋಗಿದ್ದ ಶಶಿರೇಖೆಯನ್ನು ಘಟೋತ್ಕಚ ಮಂಚದ ಸಮೇತ ಎತ್ತಿಕೊಂಡು ಹಾರುತ್ತಾನೆ. ತಾನೇ ಅವಳ ವೇಷ ತಾಳಿ ಮದುವೆ ಮನೆಗೆ ಬರುತ್ತಾನೆ. ಅಲ್ಲಿಂದಾಚೆಗಿನ ಆಟವೆಲ್ಲ ಮಾಯಾ ಶಶಿರೇಖೆಯದು.

ಇಲ್ಲೇ ರಸಿಕರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡದವರಿಗೆ ಇದು ನಾಯಕಿಗೆ ಸಿಕ್ಕ ದೊಡ್ಡ ಗೌರವ. ಹೆಣ್ಣಿನ ಮೈಯೊಳಗೆ ರಾಕ್ಷಸ ಹೊಕ್ಕಂತೆ ನಡೆದು, ನಿಂತು, ಮೀಸೆ ತಿರುವುವ ಗತ್ತು ತಂದ ಶಶಿರೇಖೆಯ ಪಾತ್ರಧಾರಿ ಸಾವಿತ್ರಿಯವರ ಅಭಿನಯವನ್ನು ಅವರು ಎದುರಿಗಿಡುತ್ತಾರೆ. ಇನ್ನೊಂದು ಪಂಗಡದವರು, ಮದುವೆ ತಪ್ಪಿಸಬೇಕಾದ ಹೊತ್ತಿನಲ್ಲಿ ಮದುವಣಗಿತ್ತಿಯನ್ನೇ ಮಲಗಿಸಿದರಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಗೆದ್ದದ್ದು ಸಾವಿತ್ರಿ, ಸೋತದ್ದು ಶಶಿರೇಖೆ. ನಟಿಗೆ ಸಿಕ್ಕ ಅವಕಾಶವನ್ನು ಪಾತ್ರಕ್ಕೆ ಸಿಕ್ಕ ನ್ಯಾಯ ಎಂದು ಎಣಿಸಿದಾಗಲೇ ನಮ್ಮ ವಾದ ದಾರಿ ತಪ್ಪುವುದು.

ಅದಕ್ಕಿಂತ ದೊಡ್ಡ ಅನ್ಯಾಯ ಆಮೇಲಿನದು. ‘ಮಾಯಾಬಜಾರ್’ ಮದುವೆಯಲ್ಲಿ ಮುಗಿಯುತ್ತದೆ. ಮಾರನೆಯ ವಾರ ಪಕ್ಕದೂರಿನಲ್ಲಿ ‘ಕುರುಕ್ಷೇತ್ರ’ ಹೂಡಿದರೆ ಅಲ್ಲಿ ಉತ್ತರೆ ಮಾತ್ರ ಇದ್ದಾಳೆ. ಶಶಿರೇಖೆ ಎಲ್ಲಿ ಹೋದಳು? ಯಾವ ಕವಿಯೂ, ಯಾವ ಡ್ರಾಮಾ ಮಾಸ್ಟರೂ ಹೇಳುವುದಿಲ್ಲ. ಅಮೆರಿಕದ ಕಾಮಿಕ್ಸ್ ಓದುಗರಿಗೆ ಈ ನೋವು ಚೆನ್ನಾಗಿ ಗೊತ್ತು. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕಥೆಗಾರರು ಕೊಂದಾಗ ಓದುಗರು ಸಿಟ್ಟಿಗೆದ್ದರು. 1987ರಲ್ಲಿ ಅವನಿಗೆ ಮೇರಿ ಜೇನ್ ಜೊತೆ ಮದುವೆ ಮಾಡಿಸಿ, 2007ರಲ್ಲಿ ಪಿಶಾಚಿಯೊಡನೆ ಒಪ್ಪಂದದ ಕಥೆ ಕಟ್ಟಿ ಆ ಮದುವೆ ನಡೆದೇ ಇಲ್ಲವೆಂಬಂತೆ ಅಳಿಸಿದರು. ಆ ಕೋಪ ಇನ್ನೂ ಆರಿಲ್ಲ.

ಕನ್ನಡಕ್ಕೂ ಇದು ಹೊಸದಲ್ಲ. 941ರ ಪಂಪಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅವಳ ಮುಡಿಯ ಸೇಡಿಗಾಗಿ ಯುದ್ಧ ನಡೆದು ಪಟ್ಟ ಕಟ್ಟುವ ಹೊತ್ತು ಬಂದಾಗ ಪಂಪ ಅರ್ಜುನನ ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸುತ್ತಾನೆ. ಆದಿಕವಿಯ ಮೇಲಿನ ಪ್ರೀತಿ ಕಿಂಚಿತ್ತೂ ಕುಂದದೆ ಕನ್ನಡ ವಿಮರ್ಶಕರು ಅದನ್ನು ಪ್ರಶ್ನಿಸಿದ್ದಾರೆ. ಪ್ರಶ್ನಿಸುವುದು ಭಕ್ತಿಗೆ ವಿರೋಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ನನ್ನ ಅಳತೆಗೋಲು ಒಂದೇ. ಅವಳ ಒಂದು ನಿರ್ಧಾರದಿಂದ ಕಥೆ ತಿರುಗುತ್ತದೆಯೇ? ಅತ್ತರೆ, ಹಾಡಿದರೆ, ಸುಂದರವಾಗಿ ಕಂಡರೆ ಸಾಲದು. ಈ ಅಳತೆಯಲ್ಲಿ ‘ಮಾಯಾಬಜಾರ್’ನ ನಿಜವಾದ ನಾಯಕಿ ಋಷ್ಯೇಂದ್ರಮಣಿಯವರ ಸುಭದ್ರೆ. ಅಣ್ಣನ ಮನೆಯಲ್ಲಿ ಮಾತು ಮುರಿದಾಗ ಮಗ ಅಭಿಮನ್ಯುವನ್ನು ಕರೆದುಕೊಂಡು ಹೊರಡುವವಳು ಅವಳು. ಕಾಡಿನಲ್ಲಿ ಮಗ ಬಿದ್ದಾಗ ಬಿಲ್ಲು ಎತ್ತುವವಳೂ ಅವಳು. ಅದೇ ಚಿತ್ರದಲ್ಲಿ ಒಬ್ಬ ಹೆಣ್ಣಿಗೆ ಇಷ್ಟು ಕಸುವು ತುಂಬಿದ ಕೆ.ವಿ. ರೆಡ್ಡಿ ಮತ್ತು ಸಂಭಾಷಣೆ ಬರೆದ ಪಿಂಗಳಿ ನಾಗೇಂದ್ರರಾವ್ ಅವರಿಗೆ ಶಶಿರೇಖೆಗೂ ಒಂದು ಹೆಜ್ಜೆ ಕೊಡುವುದು ಕಷ್ಟವಿರಲಿಲ್ಲ.

ನಮ್ಮ ಹಳ್ಳಿ ನಾಟಕಗಳಲ್ಲಿ ಈ ಹೆಜ್ಜೆ ತಪ್ಪಿಹೋಗುವುದಕ್ಕೆ ಕಾರಣ ಕಣ್ಣೆದುರಿಗೇ ಇದೆ. ನಾಟಕದ ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ದುಡ್ಡು ಹಾಕಿ ತಿಂಗಳುಗಟ್ಟಲೆ ತಾಲೀಮು ಮಾಡಿದ ದುರ್ಯೋಧನ, ಕರ್ಣ, ಭೀಮರಿಗೆ ತಮ್ಮ ಪದ್ಯಗಳು ಪೂರ್ತಿ ಬೇಕು. ಒನ್ಸ್ ಮೋರ್ ಬಂದರೆ ಇನ್ನೊಮ್ಮೆ ಎಳೆದು ಹಾಡಬೇಕು. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಸ್ತ್ರೀ ಪಾತ್ರಕ್ಕೆ ಸಂಭಾವನೆ ಕೊಟ್ಟು ಪಟ್ಟಣದಿಂದ ಕರೆಸಿದ ಕಲಾವಿದೆಗೆ ತಾಲೀಮು ಸಿಗುವುದು ಒಂದೆರಡು ಸಲ. ಬೆಳಗಾಗುವುದರೊಳಗೆ ಪರದೆ ಬೀಳಬೇಕೆಂದಾಗ ಮೊದಲು ಕತ್ತರಿ ಬೀಳುವುದು ಉತ್ತರೆಯ ಮಾತಿಗೆ. ಕಾಮಿಕ್ಸಿನಲ್ಲೂ ಕಥೆ ಹೀಗೆಯೇ: ಪುಸ್ತಕ ಯಾರ ಹೆಸರಿನಲ್ಲಿ ಮಾರಾಟವಾಗುತ್ತದೋ ಅವನಿಗೆ ಪುಟ, ಅವಳಿಗೆ ಉಳಿದದ್ದು.

ಸರಿಪಡಿಸಲು ಹೆಚ್ಚು ಬೇಕಿಲ್ಲ. ಚಕ್ರವ್ಯೂಹಕ್ಕೆ ಹೊರಡುವ ಮುನ್ನ ಉತ್ತರೆಗೆ ಹತ್ತು ನಿಮಿಷ ಕೊಡಿ. ಸೆರಗು ಹಿಡಿದು ಅಳುವುದಕ್ಕಲ್ಲ, ವಾದಿಸುವುದಕ್ಕೆ. ಹೊರಬರುವ ದಾರಿ ಗೊತ್ತಿಲ್ಲದವನನ್ನು ಹಿರಿಯರೆಲ್ಲ ಸೇರಿ ಕಳಿಸುವುದು ಯಾವ ಧರ್ಮ ಎಂದು ಅವಳು ಕೇಳಲಿ. ಕೇಳಿದ ಮೇಲೂ ಆರತಿ ಎತ್ತುವುದು ಅವಳ ತೀರ್ಮಾನವಾಗಲಿ. ಹಾರ್ಮೋನಿಯಂ ಮಾಸ್ಟರರು ಆ ಆರು ತಿಂಗಳ ಲೆಕ್ಕಕ್ಕೆ ಒಂದು ಮುಖಾರಿ ರಾಗದ ಪದ್ಯ ಕಟ್ಟಲಿ. ಶಶಿರೇಖೆಯ ಮಂಚ ಹಾರುವ ಮುನ್ನ ಅವಳು ಎಚ್ಚರವಾಗಲಿ. ಬಂದವನು ಯಾರೆಂದು ತಿಳಿದು, ನಡೆ ಎಂದು ತಾನೇ ಹೇಳಲಿ. ಒಂದೇ ಸಾಲಿನ ಮಾತು. ಮುಂದಿನ ನಗೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಮಾಯಾ ಶಶಿರೇಖೆಯ ಆಟಕ್ಕೆ ನಿಜವಾದ ಶಶಿರೇಖೆಯ ಒಪ್ಪಿಗೆಯೂ ಸಿಕ್ಕಂತಾಗುತ್ತದೆ.

ಪೌರಾಣಿಕ ಕಥೆಗೆ ಕೈ ಹಾಕಬಾರದು ಎನ್ನುವ ಹಿರಿಯರಿಗೆ ನನ್ನ ಉತ್ತರ ಶಶಿರೇಖೆಯೇ. ಕೈ ಹಾಕಿದ್ದರಿಂದಲೇ ಅವಳು ನಮಗೆ ದಕ್ಕಿದಳು. ಪ್ರಶ್ನಿಸಿದವರೇ ಮುಂದೆ ಬರೆಯುವವರಾಗುವುದೂ ಉಂಟು. ಕಾಮಿಕ್ಸ್ ವೀರರ ಕಥೆಗಳಲ್ಲಿ ಸತ್ತ, ನೊಂದ ಹೆಣ್ಣುಗಳ ಪಟ್ಟಿಯನ್ನು 1999ರಲ್ಲಿ ಮುಂದಿಟ್ಟ ಗೇಲ್ ಸಿಮೋನ್ ಆಗ ಬರೀ ಒಬ್ಬ ಓದುಗಿ. ಮುಂದೆ ಅದೇ ವೀರರ ಕಥೆಗಳನ್ನು ಬರೆಯುವವಳಾದಳು. ನಮ್ಮ ಸೀಮೆಯಲ್ಲೂ ಉತ್ತರೆಯ ಪರವಾಗಿ, ಶಶಿರೇಖೆಯ ಪರವಾಗಿ ಗಂಟಲು ಹರಿಯುವಂತೆ ವಾದಿಸುವ ಹುಡುಗ ಹುಡುಗಿಯರಿದ್ದಾರೆ. ಈ ಸಲದ ಜಾತ್ರೆಗೆ ತಾಲೀಮು ಶುರುವಾಗುವ ಮೊದಲೇ ನಿಮ್ಮೂರ ಮಾಸ್ಟರರ ಬಳಿ ಹೋಗಿ, ಆ ಹತ್ತು ನಿಮಿಷದ ದೃಶ್ಯವನ್ನು ಬರೆದು ಅವರ ಕೈಗೆ ಕೊಡಿ.