ತಂಪು ಬಂತು, ತಯಾರಿ ಸಾಲದು

ಕೋಲ್ಕತ್ತ ಮೆಟ್ರೋದ ಎ.ಸಿ. ಇಲ್ಲದ ರೇಕುಗಳು, ಅಂದರೆ ಬೋಗಿ ಜೋಡಿಸಿದ ಇಡೀ ಗಾಡಿಗಳು, ಕೊನೆಯ ಬಾರಿ ಪ್ರಯಾಣಿಕರನ್ನು ಹೊತ್ತದ್ದು 2021ರ ಅಕ್ಟೋಬರ್ 24ರಂದು. 1984ರ ಅದೇ ತಾರೀಖಿಗೆ ಎಸ್‌ಪ್ಲನೇಡ್ ಮತ್ತು ಭವಾನೀಪುರದ ನಡುವಿನ 3.4 ಕಿಲೋಮೀಟರ್ ಸುರಂಗದಲ್ಲಿ ದೇಶದ ಮೊದಲ ಮೆಟ್ರೋ ಸಂಚಾರ ಶುರುವಾಗಿತ್ತು. ಮೂವತ್ತೇಳು ವರ್ಷ ದುಡಿದ ಗಾಡಿಗಳಿಗೆ ಹುಟ್ಟಿದ ದಿನವೇ ವಿದಾಯ ಹೇಳಿದ್ದು ಸೂಕ್ತವಾಗಿತ್ತು. ಅವುಗಳ ಜಾಗಕ್ಕೆ ಹೊಸವು ಬಂದ ಬಗೆಯನ್ನು ಮಾತ್ರ ಅಷ್ಟೇ ಧಾರಾಳವಾಗಿ ಮೆಚ್ಚಲಾಗದು.

ಮೊದಲು ಹಳೆಯದರ ಲೆಕ್ಕ. ಭಾರತದಲ್ಲಿ ಯಾರೂ ಮೆಟ್ರೋ ಗಾಡಿ ಕಟ್ಟಿರದ ಕಾಲವದು. ಚೆನ್ನೈನ ರೈಲ್ವೆ ಬೋಗಿ ಕಾರ್ಖಾನೆ ಐಸಿಎಫ್ ಬೋಗಿಗಳನ್ನು ಕಟ್ಟಿತು. ವಿದ್ಯುತ್ ಸಲಕರಣೆ ಬೆಂಗಳೂರಿನ ಕಾರ್ಖಾನೆ ಎನ್‌ಜಿಇಎಫ್‌ನಿಂದ ಹೋಯಿತು. ಬ್ರಾಡ್‌ಗೇಜ್ ಹಳಿ, ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್: ಎರಡನ್ನೂ ಒಗ್ಗಿಸಿಕೊಂಡು ಆ ಗಾಡಿಗಳು ದಶಕಗಟ್ಟಲೆ ಜನರನ್ನು ಸಾಗಿಸಿದವು. ಮೊದಲ ಯತ್ನಕ್ಕೆ ಇದು ದೊಡ್ಡ ಸಾಧನೆ. ಆದರೆ ಕೋಲ್ಕತ್ತದ ಬೇಸಿಗೆಯ ಸೆಕೆಯಲ್ಲಿ, ಕಿಕ್ಕಿರಿದ ಬೋಗಿಯೊಳಗೆ ಫ್ಯಾನಿನ ಗಾಳಿ ಸಾಲುತ್ತಿರಲಿಲ್ಲ. ಬದಲಾವಣೆ ಬೇಕೇ ಇತ್ತು.

2010ರಿಂದ ಎ.ಸಿ. ರೇಕುಗಳು ಬರತೊಡಗಿದವು. ಇಲ್ಲಿ ಕೋಲ್ಕತ್ತ ಮಾಡಿದ ಅತ್ಯುತ್ತಮ ಕೆಲಸವೆಂದರೆ, ಎರಡು ಬಗೆಯ ಗಾಡಿಗೂ ಒಂದೇ ಟಿಕೆಟ್ ದರ ಇಟ್ಟದ್ದು. ಮುಂಬೈಯ ಲೋಕಲ್‌ಗೆ 2017ರ ಡಿಸೆಂಬರ್‌ನಲ್ಲಿ ಎ.ಸಿ. ಬಂದಾಗ ಅದಕ್ಕೆ ದುಬಾರಿಯಾದ ಬೇರೆ ದರ ನಿಗದಿಯಾಯಿತು. ಬಾಗಿಲಲ್ಲಿ ನೇತಾಡುವವರಿಗೆ ತಾನಾಗಿ ಮುಚ್ಚುವ ಬಾಗಿಲಿನ ಸುರಕ್ಷತೆ ಕೈಗೆಟುಕದಂತಾಯಿತು. ಹೊಸ ಗಾಡಿಯ ಸೌಕರ್ಯ ಎಲ್ಲರಿಗೂ ಸೇರಬೇಕೆಂಬ ನಿಲುವಿನಲ್ಲಿ ಕೋಲ್ಕತ್ತ ಮುಂಬೈಗಿಂತ ಬಹಳ ಮುಂದಿದೆ.

ಸೋತದ್ದು ತಯಾರಿಯಲ್ಲಿ. 2019ರ ಜುಲೈನಲ್ಲಿ ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ಪ್ರಯಾಣಿಕರೊಬ್ಬರ ಕೈ ಎ.ಸಿ. ಗಾಡಿಯ ಬಾಗಿಲಲ್ಲಿ ಸಿಕ್ಕಿಕೊಂಡಿತು, ಗಾಡಿ ಹೊರಟೇಬಿಟ್ಟಿತು, ಅವರು ಜೀವ ಕಳೆದುಕೊಂಡರು. ಕೈಯಷ್ಟು ಸಣ್ಣ ಅಡ್ಡಿಯಿದ್ದಾಗಲೂ ಗಾಡಿ ಕದಲಕೂಡದು. ಅಷ್ಟು ಖಾತ್ರಿಯಿಲ್ಲದಿದ್ದರೆ ಉಳಿದ ಯಾವ ಹೊಸತನಕ್ಕೂ ಬೆಲೆಯಿಲ್ಲ. ಅದೇ ವರ್ಷ ಚೀನಾದ ಡಾಲಿಯನ್‌ನಿಂದ ಬಂದಿಳಿದ ರೇಕು ಪ್ರಯಾಣಿಕರ ಸೇವೆಗೆ ಇಳಿದದ್ದು 2023ರಲ್ಲಿ. ಪರೀಕ್ಷೆಗೆ ಸಮಯ ತಗಲಲಿ, ಅದರಲ್ಲಿ ಅವಸರ ಬೇಡ. ಆದರೆ ನಾಲ್ಕು ವರ್ಷ ಹಿಡಿಯುವ ಪರೀಕ್ಷೆಯನ್ನು ಹಳೆಯ ಗಾಡಿಗಳಿಗೆ ಕಸುವಿದ್ದಾಗಲೇ ಆರಂಭಿಸಬೇಕಿತ್ತು.

ಎಲ್ಲಕ್ಕಿಂತ ಆಳದ ಕೊರತೆ ಬೇರೆ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಅದರ ಸಲಕರಣೆ ಹೊತ್ತ ಗಾಡಿಗಳು ಇನ್ನೂ ಹತ್ತೊಂಬತ್ತು ವರ್ಷ ಓಡಬೇಕಿತ್ತು. ಕಾರ್ಖಾನೆ ಮುಚ್ಚಿದರೆ ಬಿಡಿಭಾಗವಷ್ಟೇ ಅಲ್ಲ, ಅದನ್ನು ಬಲ್ಲ ಕೈಗಳೂ ಚದುರಿಹೋಗುತ್ತವೆ. ತಯಾರಕರು ಕೈಗೆಟುಕುವಂತಿರಬೇಕೆಂಬ ಈ ಪಾಠವನ್ನು ಬೆಂಗಳೂರು ಬೇರೆ ದಾರಿಯಲ್ಲಿ ಕಲಿಯಬೇಕಾಯಿತು. ಅಲ್ಲಿನ ಮೆಟ್ರೋದ ಹಳದಿ ಮಾರ್ಗದ ಗಾಡಿಗಳ ಗುತ್ತಿಗೆ 2019ರಲ್ಲೇ ಚೀನಾದ ಕಂಪನಿಗೆ ಹೋಗಿತ್ತು. ಹಳಿ ಸಿದ್ಧವಾದರೂ ಬೇಕಾದಷ್ಟು ಗಾಡಿ ಬರಲಿಲ್ಲ. ಕಡೆಗೆ ಕೋಲ್ಕತ್ತದ ಬಳಿಯ ಟೀಟಾಗಢ ಕಂಪನಿಯ ಕಾರ್ಖಾನೆಯಿಂದ ಬೋಗಿಗಳು ಬಂದು, 2025ರ ಆಗಸ್ಟ್‌ನಲ್ಲಿ ಮೂರೇ ಗಾಡಿಗಳೊಂದಿಗೆ ಸಂಚಾರ ಆರಂಭವಾಯಿತು. ಇದಕ್ಕೆ ಪ್ರತಿಯಾಗಿ, 2020ರಲ್ಲಿ ಆರಂಭವಾದ ಕೋಲ್ಕತ್ತದ ಪೂರ್ವ–ಪಶ್ಚಿಮ ಮಾರ್ಗದಲ್ಲಿ ಓಡುತ್ತಿರುವುದು ಬೆಂಗಳೂರಿನ ಬಿಇಎಂಎಲ್ ಕಟ್ಟಿದ ಗಾಡಿಗಳು. ರಿಪೇರಿಗೆ ಕರೆದರೆ ಓಗೊಡುವ ತಯಾರಕರು ದೇಶದಲ್ಲೇ ಇರುವುದು ಸಣ್ಣ ಬಲವಲ್ಲ.

ಮೆಟ್ರೋ ಗಾಡಿಯ ಗುತ್ತಿಗೆಯೆಂದರೆ ಮೂವತ್ತು ವರ್ಷದ ಸಂಬಂಧ. ಬಿಡಿಭಾಗ, ನಕ್ಷೆ, ತರಬೇತಿ ಎಲ್ಲವೂ ಖರೀದಿಯ ದಿನವೇ ಬರಹಕ್ಕೆ ಬರಬೇಕು. ಬಾಗಿಲುಗಳನ್ನು ನಿಜವಾದ ನೂಕುನುಗ್ಗಲಿನಲ್ಲಿ ಪರೀಕ್ಷಿಸಬೇಕು. ಹಳೆಯವು ಬಸವಳಿಯುವ ಮುನ್ನವೇ ಹೊಸವು ಹಳಿಯ ಮೇಲೆ ಪಳಗಿರಬೇಕು. ಸಮಾನ ದರದ ವಿಷಯದಲ್ಲಿ ಕೋಲ್ಕತ್ತ ದೇಶಕ್ಕೆ ಮಾದರಿ. ಮುಂದಾಲೋಚನೆಯಲ್ಲಿ ಅದನ್ನು ಬೇರೆ ಯಾವ ನಗರವೂ ಅನುಸರಿಸಬಾರದು.