ಕೇಳಬೇಕಾದದ್ದು ಕೇಳದೆ ಉಳಿದಾಗ

ಸಾಹಿತಿಗಳ, ಸಂಗೀತಗಾರರ ಸಂದರ್ಶನವೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರೀತಿ. ನಮ್ಮ ಊರಿನ ಆಕಾಶವಾಣಿ ಆರಂಭವಾದದ್ದು 1966ರಲ್ಲಿ, ಊರಿಗೆ ಗುಲಬರ್ಗಾ ಎಂಬ ಹೆಸರಿದ್ದ ಕಾಲ. ನಾನು ಶಾಲೆಗೆ ಹೋಗುವ ದಿನಗಳಲ್ಲಿ ನಮ್ಮ ರೇಡಿಯೋ ಅಡುಗೆಮನೆಯ ಗೂಡಿನಲ್ಲಿರುತ್ತಿತ್ತು. ಹಾಡು ಬಂದರೆ ಅವ್ವ ರೊಟ್ಟಿ ಬಡಿಯುತ್ತಲೇ ಕೇಳುವಳು. ಯಾರಾದರೂ ತಮ್ಮ ಬದುಕಿನ ಬಗ್ಗೆ ಮಾತಾಡತೊಡಗಿದರೆ ಮಾತ್ರ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು. ದೊಡ್ಡವರು ಹೇಗೆ ದೊಡ್ಡವರಾದರು ಎಂಬ ಕುತೂಹಲ ಅಕ್ಷರ ಬಾರದ ಅವ್ವನಿಗೂ ಇತ್ತು.

ಇಷ್ಟು ವರ್ಷ ಕೇಳಿ, ಓದಿದ ಮೇಲೆ ನನಗೊಂದು ತಕರಾರು ಹುಟ್ಟಿದೆ. ಅದು ಉತ್ತರ ಹೇಳುವವರ ಮೇಲಲ್ಲ, ಪ್ರಶ್ನೆ ಕೇಳುವವರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಕೆಲವು ವರ್ಷಗಳ ಹಿಂದೆ ಐವಾನ್-ಎ-ಶಾಹಿ ಭಾಗದಲ್ಲಿ ಲೇಖಕರೊಡನೆ ಸಂವಾದವಿತ್ತು. ವೇದಿಕೆಯ ಮೇಲೆ ಒಬ್ಬ ಹಿರಿಯ ಲೇಖಕಿ, ಪಕ್ಕದಲ್ಲಿ ಒಬ್ಬ ಲೇಖಕರು. ಆಕೆಯ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಕೊನೆಯ ಅಧ್ಯಾಯದಲ್ಲಿ ತಾಯಿಯ ಪಾತ್ರಕ್ಕೆ ಒಂದು ಮಾತೂ ಕೊಟ್ಟಿಲ್ಲವೇಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಹೋಗಿದ್ದೆ. ಮೈಕು ಕೈಗೆ ಬಂದಾಗ ಬಾಯಿಂದ ಬಂದದ್ದೇ ಬೇರೆ: "ಮನೆ, ಮಕ್ಕಳು, ಬರವಣಿಗೆ ಎಲ್ಲಾ ಹ್ಯಾಂಗ ನಿಭಾಯಿಸ್ತೀರಿ?"

ಆಕೆ ನಕ್ಕರು. "ಈ ಪ್ರಶ್ನಿ ಬಾಜೂಕ ಕುಂತ ಸರ್‌ಗೂ ಕೇಳ್ರಿ ಟೀಚರ್. ಅವರ ಮನಿಯೊಳಗೂ ಒಲಿ ಅದ."

ಸಭೆ ಚಪ್ಪಾಳೆ ತಟ್ಟಿತು. ನಾನು ತಲೆ ತಗ್ಗಿಸಿ ಕುಳಿತೆ. ನೋಟ್‌ಬುಕ್ಕಿನ ಪ್ರಶ್ನೆ ನೋಟ್‌ಬುಕ್ಕಿನಲ್ಲೇ ಉಳಿಯಿತು.

ಆ ಮೇಲೆ ಮನೆಯಲ್ಲಿದ್ದ ಪುಸ್ತಕಗಳನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆಯ ಹೆಸರು 'ನನ್ನ ರಸಯಾತ್ರೆ'. ಗಂಗೂಬಾಯಿ ಹಾನಗಲ್ಲರದು 'ನನ್ನ ಬದುಕಿನ ಹಾಡು'. ಇಬ್ಬರೂ ಧಾರವಾಡದ ಸೀಮೆಯವರು, ಇಬ್ಬರೂ ಹಿಂದುಸ್ತಾನಿ ಗಾಯನದ ಶಿಖರಗಳು. ಒಂದು ಹೆಸರಿನಲ್ಲಿ ರಸ ಮುಂದೆ ನಿಂತಿದೆ, ಇನ್ನೊಂದರಲ್ಲಿ ಬದುಕು. ಮನ್ಸೂರರ ವಿಷಯ ಬಂದರೆ ನಾವು ನೀಲಕಂಠ ಬುವಾ, ಮಂಜೀಖಾನ್, ಬುರ್ಜೀಖಾನ್ ಎಂದು ಗುರುಗಳ ಸಾಲು ಹಿಡಿಯುತ್ತೇವೆ. ಗಂಗೂಬಾಯಿಯವರ ವಿಷಯ ಬಂದರೆ ಬಡತನ, ಜಾತಿ, ಸಂಸಾರ ಎಂದು ಕಷ್ಟಗಳ ಸಾಲು ಹಿಡಿಯುತ್ತೇವೆ. ಆ ಕಷ್ಟಗಳು ಸುಳ್ಳಲ್ಲ. ಆದರೆ ಅಲ್ಲಿಗೇ ನಿಂತರೆ ಹಾಡುವವಳು ಎಲ್ಲಿ ಹೋದಳು?

'ನನ್ನ ಬದುಕಿನ ಹಾಡು' ಗಂಗೂಬಾಯಿಯವರು ಹೇಳಿ, ಎನ್ಕೆ ಕುಲಕರ್ಣಿಯವರು ಬರೆದುಕೊಂಡ ಪುಸ್ತಕ. ಹೇಳಿ ಬರೆಸಿದ ಪುಸ್ತಕ ಓದುವಾಗ ಕಾಣದ ಪ್ರಶ್ನೆಗಳ ಕಡೆಗೂ ನಮ್ಮ ಗಮನವಿರಬೇಕು. ಯಾವ ಪ್ರಶ್ನೆಗೆ ಈ ಮಾತು ಬಂದಿರಬೇಕು, ಇನ್ನೇನು ಕೇಳಿದ್ದರೆ ಇನ್ನೇನು ಬರುತ್ತಿತ್ತು ಎಂದು ಯೋಚಿಸಬೇಕು.

ಅವರ ದನಿಯನ್ನೇ ತೆಗೆದುಕೊಳ್ಳಿ. 1913ರಲ್ಲಿ ಹುಟ್ಟಿದ ಗಂಗೂಬಾಯಿಯವರಿಗೆ ಮೊದಲು ಇದ್ದದ್ದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ದಪ್ಪನಾಗಿ ಕೆಳಗಿಳಿಯಿತು. ಹೆಣ್ಣಿನ ದನಿ ಹೀಗಿರಬೇಕು ಎಂದು ಜನ ಬಯಸುವ ದನಿ ಅದಲ್ಲ. ಕುಂದಗೋಳದಲ್ಲಿದ್ದ ಗುರು ಸವಾಯಿ ಗಂಧರ್ವರ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಕಲಿತ ಆಕೆ ಆ ದನಿಯಲ್ಲೇ ಸ್ವರಸ್ವರವಾಗಿ ರಾಗ ಬೆಳೆಸುವ ದಾರಿ ಕಂಡುಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂದದ್ದೂ ಆ ದನಿಗೇ. "ಎಷ್ಟು ಕಷ್ಟಪಟ್ಟಿರಿ?" ಎಂದು ಕೇಳಿದರೆ ಕನಿಕರ ಹುಟ್ಟುತ್ತದೆ. "ಬದಲಾದ ದನಿಯಲ್ಲಿ ಮಂದ್ರವನ್ನು ಹೇಗೆ ಹಿಡಿದಿರಿ?" ಎಂದು ಕೇಳಿದರೆ ಕಷ್ಟವೂ ಗೊತ್ತಾಗುತ್ತದೆ, ಗಾಯಕಿಯೂ ಕಾಣುತ್ತಾಳೆ. ಸಂಗೀತ ಬಲ್ಲ ಮುಸಲ್ಮಾನ ಉಸ್ತಾದನಾಗುತ್ತಾನೆ, ಹಿಂದೂ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತನ್ನು ಆಡಿದವರೂ ಅವರೇ. ನಮ್ಮ ಪ್ರಶ್ನೆಗಳ ಕೊರತೆಯನ್ನು ಅವರು ನಮಗಿಂತ ಮೊದಲೇ ಕಂಡಿದ್ದರು.

ದೂರದ ಮಾತೇಕೆ, ನಮ್ಮ ಊರಿನ ಗೀತಾ ನಾಗಭೂಷಣರನ್ನೇ ನೋಡಿ. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರಾದರು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 2020ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಬಡತನದಿಂದ ಮೇಲೆ ಬಂದ ದಿಟ್ಟ ಹೆಣ್ಣುಮಗಳು ಎಂದು ಹೊಗಳಿದ್ದವು. ಹೊಗಳಿಕೆ ನಿಜವೇ. ಆದರೆ ಕಮಲಾಪುರದ ಕೆಂಪು ಬಾಳೆಯ ಸಿಪ್ಪೆ ನೋಡಿ ಬಣ್ಣ ಹೊಗಳಿ, ಹಣ್ಣು ತಿನ್ನದೆ ಬಂದಂತಾಯಿತು ಅನಿಸಿತು. ಪೇಟೆಗೆ ಹೋದರೆ ನಾವು ನಾಚಿ ನುಂಗಿಕೊಳ್ಳುವ ಕಲಬುರಗಿಯ ಆಡುಮಾತನ್ನು ಆಕೆ ಕಾದಂಬರಿಯೊಳಗೆ ಕೂಡಿಸಿದರು. ಹಳೆಯ ಮೈಸೂರಿನ ಓದುಗರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅಳುಕಿತ್ತೇ? ಕೇರಿಯ ಬೈಗುಳವನ್ನು ಹಾಗೆಯೇ ಇಡುವಾಗ ಕೈ ತಡೆಯಿತೇ? ಇದೇ ಊರಿನಲ್ಲಿದ್ದೂ ನಾನು ಅವರನ್ನು ಕೇಳಲಿಲ್ಲ. ಇನ್ನು ಕೇಳುವಂತಿಲ್ಲ.

ಮನೆಯ ಮಾತನ್ನೇ ಕೇಳಬಾರದು ಎಂದು ನನ್ನ ವಾದವಲ್ಲ. ಕೇಳಿದರೆ ಗಂಡಸರನ್ನೂ ಕೇಳಬೇಕು. ನೀವು ರಿಯಾಜಿಗೆ ಕೂತಾಗ ಒಲೆ ಹಚ್ಚಿದವರು ಯಾರು ಎಂದು. ಹೆಂಗಸರನ್ನು ಅವರ ಕೆಲಸದ ಬಗ್ಗೆಯೂ ಕೇಳಬೇಕು. ಕೆಲಸದ ಮೂಲಕ ಹೋದರೆ ಬದುಕು ತಾನಾಗಿಯೇ ಬರುತ್ತದೆ.

ಇದನ್ನು ನನಗೆ ಮನಗಾಣಿಸಿದವಳು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ. ಮನೆಯ ಹಿರಿಯರನ್ನು ಸಂದರ್ಶಿಸಿ ಬರೆದು ತನ್ನಿ ಎಂದಿದ್ದೆ. ಹೆಚ್ಚಿನ ಮಕ್ಕಳು 'ನಿಮ್ಮ ಕಷ್ಟ ಹೇಳಿ' ಎಂದು ಕೇಳಿ, ಎರಡು ಸಾಲು ಬರೆದು ತಂದರು. ಇವಳು ಕೇಳಿದ್ದು, "ಅಜ್ಜಿ, ಕೌದಿ ಹೊಲಿಯಾಗ ಮೊದಲ ಯಾವ ಅರಿವಿ ಇಡ್ತಿ?"

ನಾಲ್ಕು ಪುಟ ಬರೆದು ತಂದಿದ್ದಳು. ಮೊದಲು ಇಡುವುದು ಮೆತ್ತನೆಯ ಹಳೆ ಧೋತರವಂತೆ. ಯಾರ ಧೋತರ ಎಂದು ಕೇಳಿದ್ದಕ್ಕೆ, ತೀರಿಹೋದ ಮುತ್ಯಾನದು ಎಂದಳಂತೆ ಅಜ್ಜಿ. ಅಲ್ಲಿಂದ ಮುಂದೆ ಹುಡುಗಿ ಏನನ್ನೂ ಕೇಳಬೇಕಾಗಿ ಬರಲಿಲ್ಲವಂತೆ.