ಮೆಟ್ಟಿಲ ದಾರಿಯ ಲೊತೆರೀಯಾ

ಸ್ಪ್ಯಾನಿಷ್ ಕಲಿಸುವ ಕೋಣೆಗಳಲ್ಲಿ ಗೋಡೆ ತುಂಬ ಚಿತ್ರಪಟ. ಸೇಬು, ಬೆಕ್ಕು, ಕುರ್ಚಿ. ಪ್ರತಿಯೊಂದರ ಕೆಳಗೂ ಅದರ ಹೆಸರು. ನೋಡಲು ಚೆಂದವೇ. ಆದರೆ ಉತ್ತರವನ್ನು ಚಿತ್ರದ ಕೆಳಗೇ ಬರೆದಿಟ್ಟ ಮೇಲೆ ಮಗು ನೆನಪಿಸಿಕೊಳ್ಳಬೇಕಾದ್ದೇನು? ಚಿತ್ರ ಇರಲಿ, ಹೆಸರು ಮರೆಯಾಗಲಿ, ಜೊತೆಗೆ ಒಂದಿಷ್ಟು ಸೋಲು-ಗೆಲುವು ಸೇರಲಿ ಎನ್ನುವವನು ನಾನು.

ಮೆಕ್ಸಿಕೋದ ಮನೆಗಳಲ್ಲಿ ಆಡುವ ಲೊತೆರೀಯಾ ಇದಕ್ಕೆ ಹೇಳಿ ಮಾಡಿಸಿದ ಆಟ. ನಮ್ಮ ತಂಬೋಲದ ಹಾಗೆಯೇ, ಅಂಕಿಯ ಜಾಗದಲ್ಲಿ ಚಿತ್ರ. ಒಟ್ಟು 54 ಎಲೆ. ಮೊದಲನೆಯದು ಹುಂಜ, ಕೊನೆಯದು ಕಪ್ಪೆ. ಆಟಗಾರರ ಮುಂದೆ 16 ಮನೆಯ ಹಲಗೆ, ಗುರುತಿಗೆ ಹುರುಳಿಕಾಯಿಯ ಒಣಬೀಜ. ಕೂಗುವವನು ‘ಎಲ್ ಸೋಲ್’, ‘ಲಾ ಲೂನಾ’ ಎಂದು ಲಿಂಗಸೂಚಕ ಸಮೇತ ಕೂಗುತ್ತಾನೆ. ಸೂರ್ಯ ಪುಲ್ಲಿಂಗ, ಚಂದ್ರ ಸ್ತ್ರೀಲಿಂಗ ಎಂಬ ತಲೆನೋವು ಆಟದಲ್ಲೇ ಕರಗಿಹೋಗುತ್ತದೆ. ಪಳಗಿದ ಕೂಗುಗಾರರು ಹೆಸರನ್ನೇ ಹೇಳುವುದಿಲ್ಲ, ಒಗಟು ಹಾಕುತ್ತಾರೆ.

ಚಿತ್ರದ ಎಲೆ ಮೈಸೂರಿಗೇನು ಹೊಸದಲ್ಲ. 1827ರಲ್ಲಿ ಚಾಮುಂಡಿ ಬೆಟ್ಟದ ದೇಗುಲಕ್ಕೆ ಗೋಪುರ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಜೀಫಾ ಎಲೆಯಾಟದ ಹುಚ್ಚು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ತಾವೇ ಯೋಚಿಸಿದ ಎಲೆಯಾಟಗಳನ್ನು ವಿವರಿಸಿದ್ದಾರೆ. ಅದರಲ್ಲಿ ಚಾಮುಂಡೇಶ್ವರಿ ಛದ್ ಎಂಬ ಆಟಕ್ಕೆ 320 ಎಲೆ! ಕೈಗೆ ಬಂದ ಎಲೆಯಲ್ಲಿ ಯಾವ ದೇವರು, ಯಾವ ವಾಹನ, ಯಾವ ಆಯುಧ ಎಂದು ಕಂಡಕೂಡಲೇ ಗೊತ್ತಾಗದಿದ್ದರೆ ಆಡುವುದು ಹೇಗೆ? ನನ್ನ ಲೆಕ್ಕದಲ್ಲಿ ಅದೊಂದು ಆಡುವ ಚಿತ್ರಕೋಶ.

ಹಾಗಾಗಿ ನಮ್ಮ ಮಕ್ಕಳ ಗುಂಪಿನ ಲೊತೆರೀಯಾ ಬೆಟ್ಟದ್ದೇ. ನಂದಿ, ಮಹಿಷಾಸುರನ ಕತ್ತಿ, ಅವನ ಇನ್ನೊಂದು ಕೈಯ ಹಾವು, ಗಂಟೆ, ಕೋತಿ, ತೆಂಗಿನಕಾಯಿ, ಮೆಟ್ಟಿಲು. ಚಿತ್ರ ಮಕ್ಕಳೇ ಬರೆದದ್ದು. ಕೋತಿಗೆ ಐದು ಕಾಲು ಬಂದಿದ್ದರೂ ತಿದ್ದಿಲ್ಲ. ಹುಣಸೆಬೀಜ ಹಿಡಿದು ನಂದಿಯ ಬಳಿ ನೆರಳು ಕಂಡಲ್ಲಿ ಕೂರುತ್ತೇವೆ. ಕೂಗುವ ಹುಡುಗಿ ‘ಎಸ್ ಗ್ರಾಂದೆ, ಎಸ್ ನೆಗ್ರೊ, ನೊ ಕಮೀನಾ’ ಎನ್ನುತ್ತಾಳೆ. ದೊಡ್ಡದು, ಕಪ್ಪು, ನಡೆಯುವುದಿಲ್ಲ. ತಲೆಗಳೆಲ್ಲ ದೊಡ್ಡ ದೇವರಾಜ ಒಡೆಯರ ಕಾಲದ ಆ ಕಲ್ಲಿನ ಬಸವನ ಕಡೆ ತಿರುಗುತ್ತವೆ. ‘ಎಲ್ ತೊರೊ!’ ಬರಿಯ ‘ತೊರೊ’ ಎಂದವರಿಗೆ ಬೀಜ ಇಡುವ ಹಕ್ಕಿಲ್ಲ. (ಆ ‘ತ’ ನಮ್ಮ ತಂಗಿಯ ‘ತ’ವೇ. ಇಂಗ್ಲಿಷಿನ ದಾರಿ ಹಿಡಿದು ‘ಟೊರೊ’ ಮಾಡಿಕೊಳ್ಳುವುದು ನಮ್ಮವರ ವೃಥಾ ಕಷ್ಟ.)

ಆಟ ನಂದಿಯ ಬಳಿಯಾದರೆ ಅಭ್ಯಾಸ ಮೆಟ್ಟಿಲ ಮೇಲೆ. ಹೊಸ ಪದವನ್ನು ಮೊದಲು ಐದು ಸೆಕೆಂಡಿಗೆ, ಮತ್ತೆ ಇಪ್ಪತ್ತೈದು ಸೆಕೆಂಡಿಗೆ, ಎರಡು ನಿಮಿಷಕ್ಕೆ, ಆಮೇಲೆ ಹತ್ತು ನಿಮಿಷಕ್ಕೆ ಕೇಳಬೇಕು, ಅಂತರ ಹಿಗ್ಗುತ್ತಾ ಹೋಗಬೇಕು ಎಂದು ಭಾಷಾಕಲಿಕೆಯ ತಜ್ಞ ಪಾಲ್ ಪಿಮ್ಸ್ಲರ್ 1967ರಲ್ಲಿ ಹೇಳಿದ್ದರು. ಗಡಿಯಾರ ಹಿಡಿದು ಕೂತರೆ ಇದು ಶುದ್ಧ ಬೋರು. ಬೆಟ್ಟ ಹತ್ತುವಾಗ ತಾನಾಗಿ ಒದಗುತ್ತದೆ: ಬುಡದಲ್ಲಿ ಕೊಟ್ಟ ಪದವನ್ನು ನಾಲ್ಕು ಮೆಟ್ಟಿಲಾದ ಮೇಲೆ ಕೇಳಿ, ಮುಂದಿನ ತಿರುವಿನಲ್ಲಿ ಕೇಳಿ, ಉಸಿರು ಕಟ್ಟಿ ಕೂತಾಗ ಕೇಳಿ, ನಂದಿಯ ಬಳಿ ಕೇಳಿ.

ಹರಕೆ ಹೊತ್ತ ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ, ಕುಂಕುಮ ಇಡುತ್ತಾ ಹತ್ತುತ್ತಾರೆ. ಅವರ ಹಿಂದೆ ದೂರದಲ್ಲಿ ಮಕ್ಕಳು: ‘ಅಮರೀಯೊ, ರೊಹೊ, ಅಮರೀಯೊ, ರೊಹೊ’. ಒಮ್ಮೆ ಒಬ್ಬ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು, “ಅದ್ಯಾವ ಮಂತ್ರ ಕಣ್ ಮಗಾ?” ಎಂದರು. “ಅರಿಶಿನದ ಬಣ್ಣ, ಕುಂಕುಮದ ಬಣ್ಣ ಅಜ್ಜಿ, ಸ್ಪ್ಯಾನಿಷ್‌ನಲ್ಲಿ.” “ಹಂಗಾದ್ರೆ ಸರಿ, ಹೇಳ್ಕೊಂಡು ಬನ್ನಿ” ಎಂದು ಮುಂದಿನ ಮೆಟ್ಟಿಲಿಗೆ ಬಗ್ಗಿದರು.

ಕ್ರಿಯಾಪದಕ್ಕೆ ಮಾತ್ರ ಎಲೆ ಸಾಲದು. ಓಡುವವನ ಚಿತ್ರ ತೋರಿಸಿದರೆ ಮಗು ‘ಹುಡುಗ’ ಎಂದೇ ಓದುತ್ತದೆ. ಅದಕ್ಕೆ ಕಾಲೇ ಬೇಕು: ‘ಸೂಬೆ’ ಎಂದರೆ ಒಂದು ಮೆಟ್ಟಿಲು ಮೇಲೆ, ‘ಬಾಹಾ’ ಎಂದರೆ ಒಂದು ಕೆಳಗೆ, ತಪ್ಪಿದವರೇ ಮುಂದಿನ ಕೂಗುಗಾರರು. ಒಂದು ಸಲಕ್ಕೆ ಹತ್ತು ಹೊಸ ಪದ ಸಾಕು, ಹೆಚ್ಚಿಗೆ ಆಸೆಪಟ್ಟರೆ ಅದು ಪಾಠವಾಗಿಬಿಡುತ್ತದೆ. ಬೆಳಗ್ಗೆ ಬೇಗ ಹೊರಡಿ. ಆಷಾಢದ ಶುಕ್ರವಾರಗಳನ್ನಂತೂ ಬಿಟ್ಟುಬಿಡಿ, ಆ ಜನಜಂಗುಳಿಯಲ್ಲಿ ಹಲಗೆ ಬಿಚ್ಚಲು ಜಾಗವಿರುವುದಿಲ್ಲ. ತಿಂಡಿ ಡಬ್ಬಿಯನ್ನು ಕೋತಿಗಳಿಗೆ ಕಾಣುವಂತೆ ಇಡಬೇಡಿ.